ಅಜ್ಜಿಯ ಬೀರುವಿನಲ್ಲಿದ್ದ ಶಿಪ್ಪೊ ಹೂದಾನಿಗಳಿಗೆ ಬೆಲೆ ಕಟ್ಟಿಸಿದ ಕಥೆ

ನಾಗೋಯಾದಲ್ಲಿ ನಾವು ಬಾಡಿಗೆಗಿರುವ ಮನೆಯ ಓನರ್ ಅಜ್ಜಿಗೆ ಎಂಬತ್ತು ದಾಟಿದೆ. ಅವರ ಯಜಮಾನರು ತೀರಿಕೊಂಡ ಮೇಲೆ, ಊರಾಚೆ ಇದ್ದ ಹಳೇ ಮನೆಯನ್ನು ಖಾಲಿ ಮಾಡುವ ಕೆಲಸ ಬಂತು. ಮಕ್ಕಳು ಟೋಕಿಯೊದಲ್ಲಿ. "ನಿನಗೆ ಫೋಟೊ ತೆಗೆಯೋಕೆ ಚೆನ್ನಾಗಿ ಬರುತ್ತಲ್ಲ, ಸ್ವಲ್ಪ ಬಾಮ್ಮ" ಅಂತ ಕರೆದರು. ಫೋಟೊ ತೆಗೆಯೋಕೆ ಅಂತ ಹೋದವಳು ಕೊನೆಗೆ ಟಾರ್ಚು, ಲೂಪು (ಕಣ್ಣಿಗೆ ಹಿಡಿದು ನೋಡುವ ಪುಟ್ಟ ಭೂತಗನ್ನಡಿ) ಹಿಡಿದುಕೊಂಡು ಹೂದಾನಿಗಳ ಹೊಟ್ಟೆಯೊಳಗೆ ಇಣುಕುವ ಹಾಗಾಯಿತು.

ಬೀರುವಿನಲ್ಲಿ ಏನಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ನೀಲಿ ಹಸಿರು ಮೈಮೇಲೆ ಡ್ರ್ಯಾಗನ್ ಸುತ್ತಿಕೊಂಡ ಒಂದು ಜೋಡಿ ದೊಡ್ಡ ಹೂದಾನಿ. ಗೇಣುದ್ದದ ಒಂದು ಕಪ್ಪು ಹೂದಾನಿ, ಮೇಲೆ ಇಳಿಬಿದ್ದ ಫುಜಿ (ವಿಸ್ಟೇರಿಯಾ) ಹೂವಿನ ಗೊಂಚಲು. ಮರದ ಪೆಟ್ಟಿಗೆಯಲ್ಲಿ ಒಂದು ಕೆಂಪು ಹೂದಾನಿ. ಇವೆಲ್ಲ ಶಿಪ್ಪೊ, ಅಂದರೆ ತಾಮ್ರದ ಮೈಮೇಲೆ ತೆಳು ತಂತಿಯಲ್ಲಿ ಚಿತ್ರ ಕಟ್ಟಿ, ಮಧ್ಯೆ ಬಣ್ಣದ ಗಾಜಿನ ಪುಡಿ ತುಂಬಿ ಬೇಯಿಸುವ ಎನಾಮಲ್ ಕೆಲಸ. ಇವುಗಳ ಜೊತೆ ಚಿನ್ನದ ಗೆರೆಗಳಿದ್ದ ಒಂದು ಚಿಕ್ಕ ಕಬ್ಬಿಣದ ತಟ್ಟೆ, ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ಒಂದು ಬಿಲ್ಲೆ (ತ್ಸುಬಾ ಅಂತಾರೆ), ಬೆಳ್ಳಿಯಂತೆ ಕಾಣುವ ಒಂದು ಸಿಗರೇಟು ಡಬ್ಬಿ. ಅಜ್ಜಿಯ ಯಜಮಾನರು ರಫ್ತು ಕಂಪನಿಯಲ್ಲಿದ್ದವರು, ವಿದೇಶಕ್ಕೆ ಹೋದಾಗಲೆಲ್ಲ ಒಂದೊಂದು ತರುತ್ತಿದ್ದರಂತೆ. ಜಪಾನಿನ ಸಾಮಾನನ್ನು ವಿದೇಶದಿಂದ ತರೋದಾ ಅಂತ ನನಗೂ ಆಶ್ಚರ್ಯ. ಆದರೆ ಮೇಜಿ ಕಾಲದಲ್ಲಿ (1868ರಿಂದ 1912) ಇಂಥ ಕೆಲಸ ಮಾಡಿದ್ದೇ ಹೆಚ್ಚಾಗಿ ಹೊರದೇಶದವರಿಗಾಗಿ. ಒಳ್ಳೆಯ ಮಾಲೆಲ್ಲ ಹಡಗು ಹತ್ತಿ ಹೋಗಿಬಿಟ್ಟಿತ್ತು. ಕ್ಯೋಟೊದಲ್ಲಿ ಇಂಥ ಸಾಮಾನುಗಳಿಗೇ ಇರುವ ಕಿಯೊಮಿಜು ಸನ್ನೆನ್‌ಜಾಕಾ ಮ್ಯೂಸಿಯಂ ಶುರು ಮಾಡಿದ ಮುರಾತಾ ಮಸಾಯುಕಿ ಅವರಿಗೂ ಈ ಹುಚ್ಚು ಹತ್ತಿದ್ದು ನ್ಯೂಯಾರ್ಕಿನಲ್ಲೇ.

ಬೆಲೆ ಕಟ್ಟಿಸುವ ಯೋಚನೆ ಬಂದದ್ದು ಆಸೆಯಿಂದಲ್ಲ. ಇಲ್ಲಿ ಮನೆಯವರು ತೀರಿಕೊಂಡರೆ, ಬಿಟ್ಟುಹೋದ ಆಸ್ತಿ ಒಂದು ಮಿತಿ ದಾಟಿದ್ದರೆ, 10 ತಿಂಗಳೊಳಗೆ ವಾರಸು ತೆರಿಗೆಯ ಲೆಕ್ಕ ಕೊಡಬೇಕು. ಅಜ್ಜಿಯ ತೆರಿಗೆ ಸಲಹೆಗಾರರು "ಬೀರುವಿನ ಸಾಮಾನಿಗೂ ಒಂದು ಕಾಗದ ಇರಲಿ" ಅಂದರು. ಇದು ಒಂದು. ಇನ್ನೊಂದು, ಮನೆ ಬಾಗಿಲಿಗೆ ಬಂದ ಒಬ್ಬ ಕೊಳ್ಳುವವ.

ಫೋನ್ ಮಾಡಿ "ಹಳೇ ಬಟ್ಟೆ ಇದ್ದರೆ ತಗೋತೀವಿ" ಅಂದಿದ್ದನಂತೆ. ಬಂದವನು ಬಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಚಿನ್ನ ಇದೆಯಾ, ಗಡಿಯಾರ ಇದೆಯಾ ಅಂತ ಶುರು ಮಾಡಿ, ಬೀರು ನೋಡಿ "ಇದಿಷ್ಟೂ ಸೇರಿ 8000 ಯೆನ್" ಅಂದ. ಅಜ್ಜಿ ಮರ್ಯಾದೆಯ ಮನುಷ್ಯರು, ಬೇಡ ಅನ್ನೋಕೆ ಸಂಕೋಚ. ನಾನು ಪಕ್ಕದಲ್ಲಿದ್ದೆ, ಲೈಸೆನ್ಸ್ ಕಾರ್ಡ್ ತೋರಿಸಿ ಅಂದೆ. ಇಲ್ಲಿ ಹಳೇ ಸಾಮಾನಿನ ವ್ಯಾಪಾರಕ್ಕೆ ಸರಕಾರದ ಪರವಾನಗಿ ಬೇಕೇ ಬೇಕು. ಜೊತೆಗೆ 2013ರಿಂದ, ಮನೆಗೆ ಬಂದು ಕೊಳ್ಳುವವರ ಮೇಲೆ ಬೇರೆಯೇ ಕಟ್ಟಳೆಗಳಿವೆ. ಕರೆಯದೆ ಬರುವ ಹಾಗಿಲ್ಲ, ಬರೆದ ಕಾಗದ ಕೊಡಬೇಕು, ಮಾರಿದವರು 8 ದಿನದೊಳಗೆ ಮನಸ್ಸು ಬದಲಾಯಿಸಿದರೆ ವಾಪಸ್ ಕೊಡಬೇಕು, ಅಷ್ಟೇ ಅಲ್ಲ, ಆ 8 ದಿನ ಸಾಮಾನನ್ನು ನಮ್ಮ ಹತ್ತಿರವೇ ಇಟ್ಟುಕೊಳ್ಳುತ್ತೇವೆ ಅಂತಲೂ ಹೇಳಬಹುದು. ಇದನ್ನೆಲ್ಲ ಹೇಳುತ್ತಿದ್ದ ಹಾಗೆ ಅವನಿಗೆ ಇನ್ನೊಂದು ಅಪಾಯಿಂಟ್‌ಮೆಂಟ್ ನೆನಪಾಯಿತು. ಇಲ್ಲಿರುವ ನಮ್ಮವರು ಅಕ್ಕಪಕ್ಕದ ವಯಸ್ಸಾದವರಿಗೆ ಇದನ್ನು ದಯವಿಟ್ಟು ಹೇಳಿ.

ಆಮೇಲೆ ಯಾರ ಹತ್ತಿರ ಹೋಗೋದು? ಮ್ಯೂಸಿಯಂನವರು ಬೆಲೆ ಹೇಳುವುದಿಲ್ಲ, ಕೇಳಿದರೂ ವಿನಯದಿಂದ ತಲೆಬಾಗಿ ಕಳಿಸುತ್ತಾರೆ. ಕತ್ತಿ ಮತ್ತು ಕತ್ತಿಯ ಬಿಡಿಭಾಗಗಳಿಗೆ ಟೋಕಿಯೊದಲ್ಲಿ ಒಂದು ಸಂಘ ಇದೆ, ವಸ್ತು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತದೆ, ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯೂ ಇದೆ. ಶಿಪ್ಪೊಗೆ ಹಾಗೆ ಎಲ್ಲರೂ ಒಪ್ಪುವ ಒಂದು ಕಾಗದ ಇಲ್ಲ. ಕಂಡವರ ಕಣ್ಣೇ ಗತಿ. ಹಾಗಾಗಿ ನಾನು ನೋಡಿದ್ದು ಒಂದೇ ವಿಷಯ: ಬೆಲೆ ಹೇಳುವವರು ಅದನ್ನು ಕೊಳ್ಳುವವರಾಗಿರಬಾರದು. ನಾಗೋಯಾದ ಓಸು ಕಣ್ಣೊನ್ ದೇವಸ್ಥಾನದ ಅಂಗಳದಲ್ಲಿ ಪ್ರತಿ ತಿಂಗಳು 18 ಮತ್ತು 28ಕ್ಕೆ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಅಲ್ಲಿ ಅವರಿವರನ್ನು ಕೇಳಿ ಒಬ್ಬ ಹಿರಿಯ ವ್ಯಾಪಾರಿ ಸಿಕ್ಕರು. ಫೀಸು ತಗೊಂಡು ಬರೆದು ಕೊಡುತ್ತೇನೆ, ಆದರೆ ಬರೆದು ಕೊಟ್ಟ ಮಾಲನ್ನು ನಾನು ಕೊಳ್ಳುವುದಿಲ್ಲ ಅಂದರು. ಅಷ್ಟು ಸಾಕಾಯಿತು.

ನಾನು ಮನೆಯಲ್ಲೇ ಒಂದಿಷ್ಟು ಓದಿಕೊಂಡು, ಎಲ್ಲದರ ತಳದ ಫೋಟೊ ತೆಗೆದು, ಸಹಿ ಇರುವುದು ಯಾವುದು, ಇಲ್ಲದ್ದು ಯಾವುದು ಅಂತ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಪಟ್ಟಿಯನ್ನು ನೋಡಿ ಪಕ್ಕಕ್ಕಿಟ್ಟರು. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿದರು. ಉಂಗುರ, ಬಳೆ ಎಲ್ಲ ತೆಗೆದಿಡಿ ಅಂದರು. ಆಮೇಲೆ ಡ್ರ್ಯಾಗನ್ ಹೂದಾನಿಯನ್ನು ಎರಡೂ ಕೈಯಲ್ಲಿ, ಮಗುವನ್ನು ಎತ್ತುವ ಹಾಗೆ ಎತ್ತಿ, ಮೊದಲು ಟಾರ್ಚು ಬಿಟ್ಟಿದ್ದು ಬಾಯಿಯ ಒಳಗೆ. ಡ್ರ್ಯಾಗನ್ ಕಡೆ ಇನ್ನೂ ನೋಡೇ ಇರಲಿಲ್ಲ.

ಒಳಗೆ ಯಾಕೆ ಅಂದರೆ, ಹೊರಗಿನ ಗಾಯವನ್ನು ಮುಚ್ಚಬಹುದು, ಒಳಗಿನದನ್ನು ಮುಚ್ಚುವ ಗೋಜಿಗೆ ಯಾರೂ ಹೋಗುವುದಿಲ್ಲ. ತಾಮ್ರ ಬಿದ್ದರೆ ನೆಗ್ಗುತ್ತದೆ, ಗಾಜು ನೆಗ್ಗೋಕಾಗಲ್ಲ, ಬಿರುಕು ಬಿಡುತ್ತದೆ ಇಲ್ಲವೇ ಎದ್ದು ಹೋಗುತ್ತದೆ. ಆ ಜಾಗಕ್ಕೆ ಬಣ್ಣ ಬೆರೆಸಿದ ರಾಳ ತುಂಬಿ ಪಾಲಿಷ್ ಮಾಡಿದರೆ ಹೊರಗಿಂದ ಗೊತ್ತೇ ಆಗುವುದಿಲ್ಲ. ಒಳಗೆ ಮಾತ್ರ ನೆಗ್ಗಿದ ಉಬ್ಬು ಹಾಗೇ ಕೂತಿರುತ್ತದೆ. ನಮ್ಮ ಜೋಡಿಯಲ್ಲಿ ಒಂದಕ್ಕೆ ಹೊಟ್ಟೆಯ ಹತ್ತಿರ ಹೀಗೇ ಇತ್ತು. ಆಮೇಲೆ ಅವರು ಕೋಣೆಯ ಟ್ಯೂಬ್‌ಲೈಟಿನ ಬಿಂಬ ಹೂದಾನಿಯ ಮೈಮೇಲೆ ಒಂದು ಗೆರೆಯಾಗಿ ಬೀಳುವ ಹಾಗೆ ಹಿಡಿದು, ನಿಧಾನವಾಗಿ ತಿರುಗಿಸಿದರು. ಗೆರೆ ನೆಟ್ಟಗೆ ಹರಿದು ಬರುತ್ತಿದ್ದದ್ದು ಒಂದು ಕಡೆ ಸ್ವಲ್ಪ ಸೊಟ್ಟಗಾಯಿತು. ಯುವಿ ಟಾರ್ಚು ಹಾಕಿದಾಗ ಅದೇ ಜಾಗ, ಹೆಬ್ಬೆರಳಿನ ಉಗುರಿನಷ್ಟು, ಸುತ್ತಲಿನ ಬಣ್ಣಕ್ಕಿಂತ ಬೇರೆಯಾಗಿ ಬೆಳ್ಳಗೆ ಹೊಳೆಯಿತು. ನೋಡಿ ನನಗೆ ಮೈ ಜುಂ ಅಂತು, ನಾನು ಆ ಹೂದಾನಿಯನ್ನು ಅಷ್ಟು ಸಲ ಒರೆಸಿದ್ದೆ, ಒಮ್ಮೆಯೂ ಕಂಡಿರಲಿಲ್ಲ.

ತಳ ತಿರುಗಿಸಿದರೆ ಇನ್ನೊಂದು. ಎರಡಕ್ಕೂ ನಡುವೆ ಸರಿಯಾಗಿ ಒಂದೊಂದು ತೂತು. ವಿದೇಶದಲ್ಲಿ ಯಾರೋ ಇವನ್ನು ಟೇಬಲ್ ಲ್ಯಾಂಪ್ ಮಾಡಿಕೊಂಡಿದ್ದಾರೆ, ವೈರು ಹೋಗೋಕೆ ತೂತು. ಒಂದು ಕಾಲದಲ್ಲಿ ಅಲ್ಲಿ ಇದು ಫ್ಯಾಷನ್ ಆಗಿತ್ತಂತೆ. ಬೆಲೆ ಅಲ್ಲೇ ಅರ್ಧಕ್ಕಿಂತ ಕೆಳಗಿಳಿಯಿತು.

ಡ್ರ್ಯಾಗನ್ ಕಡೆ ಬಂದದ್ದು ಆಮೇಲೆ. ಖಾಲಿ ಜಾಗದಲ್ಲೆಲ್ಲ ಸುರುಳಿ ಸುರುಳಿ ತಂತಿ ತುಂಬಿತ್ತು. ನಾನು ಅದನ್ನು ಜಾಸ್ತಿ ಕೆಲಸ, ಜಾಸ್ತಿ ಬೆಲೆ ಅಂತ ಅಂದುಕೊಂಡಿದ್ದರೆ, ಅವರು ಹೇಳಿದ್ದು ಉಲ್ಟಾ. ಶುರುವಿನ ಕಾಲದ ಎನಾಮಲ್ ತಂತಿಯ ಆಸರೆಯಿಲ್ಲದೆ ದೊಡ್ಡ ಜಾಗದಲ್ಲಿ ನಿಲ್ಲುತ್ತಿರಲಿಲ್ಲ, ಬಿರುಕು ಬಿಡುತ್ತಿತ್ತು. ಹಾಗಾಗಿ ತಂತಿ ತುಂಬಿಸುತ್ತಿದ್ದರು. ಗಾಟ್‌ಫ್ರೀಡ್ ವಾಗ್ನರ್ ಎಂಬ ಜರ್ಮನ್ ರಸಾಯನ ತಜ್ಞ 1868ರಲ್ಲಿ ಜಪಾನಿಗೆ ಬಂದ, ಅವನ ಜೊತೆ ಸೇರಿ ಇಲ್ಲಿಯ ಕುಶಲಕರ್ಮಿಗಳು ಹೊಳೆಯುವ, ಪಾರದರ್ಶಕವಾದ ಬಣ್ಣಗಳನ್ನು ಮಾಡಿಕೊಂಡರು. ಆಮೇಲೆ ಖಾಲಿ ಮೈ ಬಿಡೋಕೆ ಧೈರ್ಯ ಬಂತು. ಅಂದರೆ ಈ ಕೆಲಸದಲ್ಲಿ ಖಾಲಿ ಬಿಟ್ಟ ಜಾಗವೇ ಕಷ್ಟದ ಜಾಗ.

ಇದು ಕೇಳಿ ಅರ್ಥವಾದದ್ದಕ್ಕಿಂತ ನೋಡಿ ಅರ್ಥವಾದದ್ದು ಹೆಚ್ಚು. ನಾಗೋಯಾ ಪಕ್ಕದಲ್ಲೇ ಆಮಾ ನಗರ, ಅದರಲ್ಲಿ ಶಿಪ್ಪೊ ಅಂತಲೇ ಹೆಸರಿದ್ದ ಊರು ಈಗ ಸೇರಿಹೋಗಿದೆ. ಅಲ್ಲಿನ ಶಿಪ್ಪೊಯಾಕಿ ಆರ್ಟ್ ವಿಲೇಜ್‌ನಲ್ಲಿ ಒಂದು ಹೂದಾನಿ ಹೇಗೆ ಆಗುತ್ತದೆ ಅಂತ ಹಂತ ಹಂತವಾಗಿ ಇಟ್ಟಿದ್ದಾರೆ. ಬರೀ ತಾಮ್ರ, ಮೇಲೆ ಗೀಚಿದ ಚಿತ್ರ, ಚಿಮುಟದಲ್ಲಿ ಬಗ್ಗಿಸಿ ನಿಲ್ಲಿಸಿದ ತಂತಿ (ಅಂಟು ಬರುವುದು ಒಂದು ಆರ್ಕಿಡ್ ಗೆಡ್ಡೆಯ ಪುಡಿಯಿಂದ), ಬಣ್ಣ ತುಂಬಿ ಬೇಯಿಸಿದ್ದು, ಬೆಂದ ಮೇಲೆ ಬಣ್ಣ ಕುಗ್ಗಿ ತಗ್ಗಾಗುತ್ತದೆ, ಮತ್ತೆ ತುಂಬು, ಮತ್ತೆ ಬೇಯಿಸು, ಕೊನೆಗೆ ತಿಕ್ಕಿ ತಿಕ್ಕಿ ಹೊಳಪು. ಒಳಗೂ ಎನಾಮಲ್ ಬಳಿದಿರುತ್ತಾರೆ, ಇಲ್ಲದಿದ್ದರೆ ಒಂದೇ ಕಡೆ ಎಳೆತ ಬಿದ್ದು ಹೊರಗಿನದು ಸಿಡಿಯುತ್ತದೆ. ಈ ಸೀಮೆಗೆ ವಿದ್ಯೆ ಬಂದದ್ದು ಕಾಜಿ ತ್ಸುನೆಕಿಚಿ ಎಂಬ ಸಮುರಾಯ್ ಮನೆತನದವನಿಂದ. 1830ರ ದಶಕದಲ್ಲಿ ಹೊರಗಿಂದ ಬಂದ ಒಂದು ಎನಾಮಲ್ ತಟ್ಟೆಯನ್ನು ಒಡೆದು ನೋಡಿ, ಹೇಗೆ ಮಾಡಿದ್ದಾರೆ ಅಂತ ತಾನೇ ಕಂಡುಕೊಂಡನಂತೆ. ಅಲ್ಲಿಂದ ಕಲಿತವರು ಕ್ಯೋಟೊ, ಟೋಕಿಯೊ ತನಕ ಹಬ್ಬಿದರು. ಬೆಲೆ ಕಟ್ಟಿಸುವ ಮೊದಲೇ ಇಲ್ಲಿಗೆ ಹೋಗಿಬನ್ನಿ ಅಂತ ನಾನು ಯಾರಿಗಾದರೂ ಹೇಳುತ್ತೇನೆ.

ಈಗ ಕಪ್ಪು ಹೂದಾನಿ. ತಳದಲ್ಲಿ ಸಹಿ ಇಲ್ಲ, ಹಾಗಾಗಿ ನನ್ನ ಪಟ್ಟಿಯಲ್ಲಿ ಅದು ಕೊನೆಯಲ್ಲಿತ್ತು. ವ್ಯಾಪಾರಿ ಅದನ್ನು ಕೈಗೆತ್ತಿಕೊಂಡು ಸುಮ್ಮನಾದರು. ಟ್ಯೂಬ್‌ಲೈಟಿನ ಗೆರೆ ಕತ್ತಿನಿಂದ ತಳದವರೆಗೆ ಎಲ್ಲೂ ಅಲುಗಲಿಲ್ಲ. ಒಳಗೆ ಟಾರ್ಚು, ನಯವಾಗಿತ್ತು. ಆಮೇಲೆ ಲೂಪು ನನ್ನ ಕೈಗೆ ಕೊಟ್ಟು "ನೀವೇ ನೋಡಿ" ಅಂದರು. ಹತ್ತು ಪಟ್ಟು ದೊಡ್ಡದಾಗಿ ನೋಡಿದರೆ, ಪ್ರತಿ ಎಸಳಿನ ಸುತ್ತ ಬೆಳ್ಳಿ ತಂತಿ, ಅದೂ ಒಂದೇ ದಪ್ಪ ಅಲ್ಲ. ಎಲೆಯ ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಣ್ಣಗಾಗಿ, ಕುಂಚದಲ್ಲಿ ಎಳೆದ ಗೆರೆ ಸಣ್ಣಗಾಗುವ ಹಾಗೇ ಸಣ್ಣಗಾಗಿ, ಕಪ್ಪಿನಲ್ಲಿ ಕರಗಿದೆ. ಎರಡು ತಂತಿ ಕೂಡುವ ಕಡೆ ಸಂದು ಕಾಣಲಿಲ್ಲ. ಗೊಂಚಲಿನ ನೇರಳೆ ಒಂದು ಬಣ್ಣವಲ್ಲ, ಒಂದೊಂದು ಎಸಳಿನೊಳಗೇ ಬಿಳಿಯಿಂದ ನೇರಳೆಗೆ ಜಾರಿದೆ, ಮಧ್ಯೆ ತಂತಿಯಿಲ್ಲ. ಕಪ್ಪು ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಯೂ ಇಲ್ಲ. ಬೇಯಿಸುವಾಗ ಗುಳ್ಳೆ ಒಡೆದು ಗುಳಿ ಬೀಳುವುದು ಸಾಮಾನ್ಯ, ಕಪ್ಪಿನ ಮೇಲಂತೂ ಎದ್ದು ಕಾಣುತ್ತದೆ.

ನನಗೆ ಗೊತ್ತಿದ್ದ ಹೆಸರೆಲ್ಲ ಬಾಯಿಗೆ ಬಂತು. ಕಪ್ಪು ಮೈ ಅಂದರೆ ಕ್ಯೋಟೊದ ನಮಿಕಾವಾ ಯಾಸುಯುಕಿ ಅಲ್ವಾ? ಅವರು ನಕ್ಕರು. ನಮಿಕಾವಾ ಹೆಸರಿನವರೇ ಇಬ್ಬರು, ಸಂಬಂಧಿಕರಲ್ಲ: ಕ್ಯೋಟೊದ ಯಾಸುಯುಕಿ ತಂತಿಯ ಕೆಲಸದಲ್ಲಿ, ಟೋಕಿಯೊದ ಸೋಸುಕೆ ತಂತಿಯನ್ನೇ ತೆಗೆದುಬಿಟ್ಟು ಬಣ್ಣದ ಚಿತ್ರದಂತೆ ಕಾಣಿಸುವುದರಲ್ಲಿ ಎತ್ತಿದ ಕೈ. ಇಬ್ಬರಿಗೂ 1896ರಲ್ಲಿ ಅರಮನೆಯ ಕಲಾವಿದರೆಂಬ ಗೌರವ ಸಿಕ್ಕಿತು. ಸಹಿಯಿಲ್ಲದ ಕಪ್ಪು ಹೂದಾನಿ ಹಿಡಿದು ಬರುವ ಎಲ್ಲರೂ ಯಾಸುಯುಕಿ ಅಂತಲೇ ಕೇಳುತ್ತಾರಂತೆ. ಅದೇ ಕಾಲದಲ್ಲಿ ನಾಗೋಯಾದಲ್ಲಿ ಹಯಾಶಿ ಕೊಡೆಂಜಿ ಮುಂತಾದವರೂ ಕಡುಬಣ್ಣದ ಮೈಮೇಲೆ ಹೂವು ಹಕ್ಕಿ ಇಳಿಸುತ್ತಿದ್ದರು, ಒಳ್ಳೆಯ ಕೆಲಸ ಎಷ್ಟೋ ಸಹಿಯಿಲ್ಲದೆಯೇ ಹೋಗಿದೆ. ಅವರು ಕಾಗದದಲ್ಲಿ ಬರೆದದ್ದು "ಒವಾರಿ, ಮೇಜಿ ಕಾಲದ ಕೊನೆಯ ಭಾಗ, ಸಹಿಯಿಲ್ಲ" ಅಂತ ಮಾತ್ರ (ಒವಾರಿ ಅಂದರೆ ನಾಗೋಯಾ ಸೀಮೆಯ ಹಳೇ ಹೆಸರು). ಹೆಸರು ಬರೆದರೆ ಬೆಲೆ ಏರುತ್ತಿತ್ತಲ್ಲ ಅಂದೆ. "ಬರೆದದ್ದು ನಾನು, ನಾಳೆ ಉತ್ತರ ಕೊಡಬೇಕಾದವನೂ ನಾನೇ" ಅಂದರು. ಈ ಮನುಷ್ಯನ ಮೇಲೆ ನನಗೆ ನಂಬಿಕೆ ಬಂದದ್ದು ಅಲ್ಲಿ.

ಆದರೂ ನನ್ನ ಹಟಕ್ಕೆ ಒಂದು ಭಾನುವಾರ ಕ್ಯೋಟೊಗೆ ಹೋಗಿ, ಯಾಸುಯುಕಿಯ ಮನೆಯೇ ಈಗ ಮ್ಯೂಸಿಯಂ ಆಗಿದೆ, ಅಲ್ಲಿ ನಿಂತು ನೋಡಿದೆ. ಅಲ್ಲಿ ಭೂತಗನ್ನಡಿಯಲ್ಲಿ ನೋಡಿದ ಮೇಲೆ ನಮ್ಮದು ಅದಲ್ಲ ಅಂತ ಯಾರೂ ಹೇಳಬೇಕಾಗಲಿಲ್ಲ. ನಮ್ಮದು ಚೆಂದ. ಅದು ಬೇರೆ ಲೋಕ.

ಕೆಂಪು ಹೂದಾನಿ ಬೇಗ ಮುಗಿಯಿತು. ತಳದಲ್ಲಿ ಆಂಡೊ ಕಂಪನಿಯ ಗುರುತು, 1880ರಿಂದ ನಾಗೋಯಾದಲ್ಲಿರುವ ಹೆಸರುವಾಸಿ ಮನೆ. ಪಾರಿವಾಳದ ರಕ್ತದ ಕೆಂಪು ಅಂತ ಕರೆಯುವ ಪಾರದರ್ಶಕ ಬಣ್ಣ, ಅದರ ಮೇಲೆ ಗುಲಾಬಿ. ಆದರೆ ಎರಡನೇ ಮಹಾಯುದ್ಧದ ನಂತರದ್ದು. ಮದುವೆ, ನಿವೃತ್ತಿ ಅಂತ ಆಗ ಎಲ್ಲರಿಗೂ ಇಂಥದ್ದೇ ಉಡುಗೊರೆ, ನಾಗೋಯಾದ ಎಷ್ಟೋ ಮನೆಗಳ ಬೀರುವಿನಲ್ಲಿ ಇದೆ. ಪೆಟ್ಟಿಗೆ ಇರುವುದು ಒಳ್ಳೆಯದು, ಬಿಸಾಡಬೇಡಿ ಅಂದರು.

ಲೋಹದ ಸಾಮಾನುಗಳ ಸರದಿ ಬಂದಾಗ ನನಗೆ ಸ್ವಲ್ಪ ಹುರುಪು, ಯಾಕೆಂದರೆ ಕಬ್ಬಿಣದ ತಟ್ಟೆ ನೋಡಿದಾಗಿನಿಂದ ನಮ್ಮ ಬೀದರಿನ ಬಿದ್ರಿ ಕಣ್ಮುಂದೆ ಬರುತ್ತಿತ್ತು. ಕಪ್ಪು ಮೈ, ಹೊಳೆಯುವ ಗೆರೆ, ನೋಡೋಕೆ ಅಣ್ಣತಮ್ಮ. ಮಾಡುವ ರೀತಿ ಮಾತ್ರ ಬೇರೆ. ಬಿದ್ರಿಯಲ್ಲಿ ಸತು ತಾಮ್ರ ಬೆರೆಸಿದ ಮೈಯಲ್ಲಿ ಗೆರೆ ಕೊರೆದು, ಆ ಕಾಲುವೆಯಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಕಪ್ಪು ಮಾಡುತ್ತಾರೆ. ನಮ್ಮ ತಟ್ಟೆಯಂಥ ಕ್ಯೋಟೊದ ಕೆಲಸದಲ್ಲಿ ಕಬ್ಬಿಣದ ಮೈಯನ್ನೇ ಬಟ್ಟೆಯ ನೇಯ್ಗೆಯ ಹಾಗೆ ಅಡ್ಡ ಉದ್ದ ಸಣ್ಣಗೆ ಗೀಚಿ ತರಿಯಾಗಿಸಿ, ಚಿನ್ನದ ಹಾಳೆ ಇಟ್ಟು ಬಡಿಯುತ್ತಾರೆ, ಚಿನ್ನ ಆ ತರಿಯನ್ನು ಹಿಡಿದುಕೊಂಡು ಕೂರುತ್ತದೆ. 1876ರಲ್ಲಿ ಸಮುರಾಯ್‌ಗಳು ಕತ್ತಿ ಕಟ್ಟಿಕೊಂಡು ಓಡಾಡಬಾರದು ಅಂತ ಆಜ್ಞೆಯಾಯಿತು. ಕತ್ತಿಯ ಅಲಂಕಾರ ಮಾಡುತ್ತಿದ್ದವರ ಹೊಟ್ಟೆಪಾಡು ಹೋಯಿತು, ತಟ್ಟೆ, ಡಬ್ಬಿ, ಹೂದಾನಿ ಮಾಡಿ ವಿದೇಶಿಯರಿಗೆ ಮಾರತೊಡಗಿದರು. ಕ್ಯೋಟೊದ ಕೊಮಾಯಿ ಮನೆತನದ ಹೆಸರು ಇದರಲ್ಲಿ ದೊಡ್ಡದು, ನಮ್ಮ ತಟ್ಟೆಯ ಹಿಂದೆಯೂ ಅದೇ ಹೆಸರು ಚಿನ್ನದಲ್ಲಿ ಇತ್ತು.

ಆದರೆ ಹೆಸರು ಇದ್ದೂ ಏನು? ಯಾವಾಗಲೋ ಯಾರೋ ಪಾಲಿಷ್ ಹಾಕಿ ಚೆನ್ನಾಗಿ ಉಜ್ಜಿದ್ದಾರೆ. ಲೂಪಿನಲ್ಲಿ ನೋಡಿದರೆ ಚಿತ್ರದಲ್ಲಿದ್ದ ಬೆಟ್ಟದ ತುದಿಗಳಲ್ಲಿ ಚಿನ್ನ ಹೋಗಿ ಕೆಳಗಿನ ಗೀಚು ಗೀಚಾದ ಕಬ್ಬಿಣ ಕಾಣುತ್ತಿತ್ತು. ಗೀಚು ಕಂಡದ್ದು ಕೈಕೆಲಸ ಅನ್ನೋದಕ್ಕೆ ಸಾಕ್ಷಿ ಏನೋ ಹೌದು, ಬೆಲೆಗೆ ಮಾತ್ರ ಪೆಟ್ಟು. ನಮ್ಮ ಕಡೆ ಹಿತ್ತಾಳೆ ತಾಮ್ರ ಕಂಡರೆ ಕೈ ಹುಣಸೆಹಣ್ಣಿನ ಕಡೆ ಹೋಗುತ್ತದಲ್ಲ, ಜಪಾನಿ ಲೋಹದ ಕೆಲಸದ ಹತ್ತಿರ ಅದನ್ನು ಖಂಡಿತ ತರಬೇಡಿ. ತ್ಸುಬಾ ತೋರಿಸಿ ಅವರು ಇದನ್ನೇ ಹೇಳಿದರು. ಅದು ಶಾಕುಡೊ, ತಾಮ್ರಕ್ಕೆ ಸ್ವಲ್ಪ ಚಿನ್ನ ಬೆರೆಸಿ ಮಾಡಿದ ಲೋಹ. ದ್ರಾವಣದಲ್ಲಿ ಕುದಿಸಿದಾಗ ಮೇಲ್ಮೈ ನೀಲಿ ಮಿಶ್ರಿತ ಕಪ್ಪಾಗುತ್ತದೆ, ಆ ಕಪ್ಪೇ ಅದರ ಜೀವ. ತಿಕ್ಕಿದರೆ ಕೆಳಗೆ ತಾಮ್ರ ಹಲ್ಲು ಕಿಸಿಯುತ್ತದೆ. ನಮ್ಮದನ್ನು ಪುಣ್ಯಕ್ಕೆ ಯಾರೂ ತಿಕ್ಕಿರಲಿಲ್ಲ, ಮೈಯೆಲ್ಲ ಮೀನಿನ ಮೊಟ್ಟೆಯಂತೆ ಸಾಲು ಸಾಲು ಚುಕ್ಕೆ, ಒಂದೊಂದನ್ನೂ ಉಳಿಯಿಟ್ಟು ಹೊಡೆದದ್ದು. ಅದನ್ನು ಟೋಕಿಯೊದ ಸಂಘಕ್ಕೆ ಕಳಿಸಿದರೆ ಸರ್ಟಿಫಿಕೇಟ್ ಸಿಗುವ ಸಾಧ್ಯತೆ ಇದೆ ಅಂದರು, ಅಜ್ಜಿಯ ಮಗ ಈಗ ಅದರ ಹಿಂದೆ ಬಿದ್ದಿದ್ದಾನೆ.

ಸಿಗರೇಟು ಡಬ್ಬಿ ಬೆಳ್ಳಿಯಲ್ಲ, ಆಂಟಿಮನಿ ಬೆರೆಸಿದ ಅಗ್ಗದ ಲೋಹ, ಅಚ್ಚಿಗೆ ಹೊಯ್ದದ್ದು. ತಳದಲ್ಲಿ ಇಂಗ್ಲಿಷಿನಲ್ಲಿ ಮೇಡ್ ಇನ್ ಜಪಾನ್ ಅಂತಿತ್ತು. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂಬ ಕಾನೂನು 1891ರಿಂದ ಇದೆ. ಮೊದಲು ನಿಪ್ಪಾನ್ ಅಂತ ಬರೆದರೂ ನಡೆಯುತ್ತಿತ್ತು, 1921ರಿಂದ ಜಪಾನ್ ಅಂತಲೇ ಬೇಕಾಯಿತು. ಹಾಗಾಗಿ ಈ ಡಬ್ಬಿ ಮೇಜಿ ಕಾಲದ್ದು ಇರಲಾರದು ಅಂತ ಅಂದಾಜು. ಗುರುತಿಲ್ಲ ಅಂದಮಾತ್ರಕ್ಕೆ ಹಳೇದು ಅಂತಲ್ಲ, ಕಾಗದದ ಚೀಟಿ ಅಂಟಿಸಿ ಕಳಿಸಿದ್ದೂ ಉಂಟು, ಚೀಟಿ ಉದುರಿಹೋಗಿರುತ್ತದೆ.

ಬೆಲೆ ಎಷ್ಟು ಅಂತ ಕೇಳುವ ಮೊದಲು ಯಾವ ಬೆಲೆ ಅಂತ ಹೇಳಬೇಕು. ಅಂಗಡಿಯವನು ಕೊಳ್ಳುವ ಬೆಲೆ ಒಂದು, ಅದೇ ಅಂಗಡಿಯ ಚೀಟಿಯ ಮೇಲಿನ ಬೆಲೆ ಇನ್ನೊಂದು, ಹರಾಜಿನಲ್ಲಿ ಬರಬಹುದಾದದ್ದು ಮತ್ತೊಂದು. ತೆರಿಗೆಗೆ ಬೇಕಾದದ್ದು ತೀರಿಕೊಂಡ ದಿನ ಮಾರಿದ್ದರೆ ಎಷ್ಟು ಬರುತ್ತಿತ್ತು ಅನ್ನುವ ಬೆಲೆ. ಅವರು ಕಾಗದದ ಮೇಲೆ ಬರೆದದ್ದು ಅದನ್ನೇ. ಡ್ರ್ಯಾಗನ್ ಜೋಡಿಗೆ 15,000 ಯೆನ್. ಕೆಂಪಿಗೆ 20,000. ಕಬ್ಬಿಣದ ತಟ್ಟೆ ಸವೆದಿದ್ದರೂ 80,000. ಸಹಿಯಿಲ್ಲದ ಕಪ್ಪು ಹೂದಾನಿಗೆ ಎರಡೂವರೆ ಲಕ್ಷ. ಬೀರುವಿನಲ್ಲಿ ಜಾಗ ಜಾಸ್ತಿ ಹಿಡಿದಿದ್ದು, ಅಜ್ಜಿ ಇದೇ ದುಬಾರಿ ಅಂತ ನಂಬಿ ನಡುವೆ ಇಟ್ಟಿದ್ದು ಡ್ರ್ಯಾಗನ್ ಜೋಡಿಯನ್ನು. ಕಪ್ಪು ಹೂದಾನಿಯಲ್ಲಿ ಪೆನ್ನು ಇಡುತ್ತಿದ್ದರು.

ಡ್ರ್ಯಾಗನ್ ಜೋಡಿ ವ್ಯಾಪಾರಿಗಳ ಹರಾಜಿಗೆ ಹೋಯಿತು. ಕಪ್ಪು ಹೂದಾನಿಯನ್ನು ಮಗಳು ಟೋಕಿಯೊಗೆ ತಗೊಂಡು ಹೋದಳು. ಕೆಂಪನ್ನು ಅಜ್ಜಿ ನನಗೇ ಕೊಟ್ಟುಬಿಟ್ಟರು, ಬೇಡ ಬೇಡ ಅಂದರೂ ಕೇಳಲಿಲ್ಲ. ರಜೆಗೆ ಶಿವಮೊಗ್ಗಕ್ಕೆ ಹೋಗುವಾಗ ತಗೊಂಡು ಹೋಗುವ ಯೋಚನೆ. ಜಪಾನಿನಿಂದ ಹಳೇ ಕಲಾವಸ್ತು ಹೊರಗೆ ಒಯ್ಯುವಾಗ, ಅದು ಸರಕಾರ ಕಾಪಾಡಬೇಕೆಂದು ಘೋಷಿಸಿದ ವಸ್ತುಗಳ ಪಟ್ಟಿಯಲ್ಲಿಲ್ಲ ಅಂತ ಬುಂಕಾಚೊ ಎಂಬ ಸಂಸ್ಕೃತಿ ಇಲಾಖೆಯಿಂದ ಒಂದು ಪ್ರಮಾಣಪತ್ರ ಸಿಗುತ್ತದೆ, ಫೋಟೊ ಸಮೇತ ಅರ್ಜಿ ಹಾಕಬೇಕು. ನನ್ನದಕ್ಕೆ ಅಷ್ಟು ವಯಸ್ಸಿಲ್ಲ, ಬೆಲೆ ಬರೆದ ಕಾಗದವನ್ನು ಪೆಟ್ಟಿಗೆಯೊಳಗೆ ಇಟ್ಟುಕೊಂಡರೆ ಸಾಕು ಅಂತ ವ್ಯಾಪಾರಿ ಅಂದರು. ದಂತದ ಹಿಡಿಯೋ ಮುಚ್ಚಳವೋ ಇರುವ ಸಾಮಾನಾದರೆ ಮಾತ್ರ ಅದನ್ನು ಗಡಿ ದಾಟಿಸುವ ಯೋಚನೆಯನ್ನೇ ಬಿಡಿ, ಆ ಕಾನೂನುಗಳೇ ಬೇರೆ.

ಅತ್ತೆಗೆ ವಿಡಿಯೊ ಕಾಲ್‌ನಲ್ಲಿ ಹೂದಾನಿ ತೋರಿಸಿ ಇಷ್ಟನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು "ಅದೆಲ್ಲ ಇರಲಿ ಮಾರಾಯ್ತಿ, ನೀರು ಹಾಕಿ ಹೂವು ಇಡಬಹುದಾ?" ಅಂದರು. ಇಡಬಹುದು, ಆದರೆ ನೇರವಾಗಿ ನೀರು ಹಾಕಬಾರದು. ಒಳಗೆ ಕೂರುವ ಹಾಗೆ ಒಂದು ತಾಮ್ರದ ಕೊಳವೆ ಸಿಗುತ್ತದೆ, ಒತೋಶಿ ಅಂತ. ಮುಂದಿನ 28ರ ಸಂತೆಯಲ್ಲಿ ಅಳತೆಗೆ ಸರಿಯಾದದ್ದು ಹುಡುಕಬೇಕು.